ಕ್ಯಾಮೆರಾ ಕೇಳಿಸಿಕೊಂಡ ಮಾತು

ಅಂಕೋಲಾ
೧೬-೫-೨೦೨೩

ಚಿ. ಸೌ. ನೀತಾಳಿಗೆ ಆಯಿಯ ಆಶೀರ್ವಾದ.

ಫೋನು ಬಿಟ್ಟು ಕಾಗದ ಬರೆಯುತ್ತಿರುವುದಕ್ಕೆ ಎರಡು ಕಾರಣ. ಫೋನಿನಲ್ಲಿ ಹೇಳಿದರೆ ನೀನು ಒಂದು ಕೈಯಲ್ಲಿ ಕಾವಲಿಯ ಮೇಲಿನ ಮೀನು ಮಗುಚುತ್ತ "ಹಾಂ ಆಯಿ, ಹೂಂ ಆಯಿ" ಎನ್ನುತ್ತೀ. ಬರೆದದ್ದನ್ನಾದರೆ ಕೂತು ಓದಬೇಕಾಗುತ್ತದೆ. ಇನ್ನೊಂದು, ಈ ಲಕೋಟೆಯಲ್ಲಿ ಹತ್ತಿಯಲ್ಲಿ ಸುತ್ತಿಟ್ಟ ಉಗುರಿನಷ್ಟು ದೊಡ್ಡ ಕಾರ್ಡು ಇದೆ. ನೀನು ಹೋದ ದೀಪಾವಳಿಗೆ ತಮ್ಮ ಸಂಕೇತನ ಕಾರಿಗೆ ಹಾಕಿಸಿಕೊಟ್ಟೆಯಲ್ಲ, ಆ ಕ್ಯಾಮೆರಾದೊಳಗಿನದು. ಜೋಪಾನ.

ಭಾನುವಾರ ಮಾವಿನ ಬುಟ್ಟಿ ನಿಮ್ಮ ಮನೆಗೆ ನಾಲ್ಕು ಗಂಟೆಗೆ ಮುಟ್ಟಿತು. ನಿನ್ನನ್ನು ಮಾಜಾಳಿಗೆ ಕೊಟ್ಟು ಒಂಬತ್ತು ವರ್ಷ. ಒಂಬತ್ತು ವರ್ಷವೂ ನಮ್ಮ ಅಂಗಳದ ಮರದ ಮೊದಲ ಈಶಾಡು ಮಾವಿನ ಹಣ್ಣು ದೇವರಿಗೆ ಇಟ್ಟ ದಿನವೇ, ನಿಮ್ಮಲ್ಲಿ ಮಧ್ಯಾಹ್ನದ ಎಲೆ ಹಾಕುವುದರೊಳಗೆ, ಅಲ್ಲಿಗೆ ಬಂದಿದೆ. ತವರಿನ ಹಣ್ಣು ಬರುವ ತನಕ ನಿನ್ನ ಅತ್ತೆಯ ಮನೆಯಲ್ಲಿ ಯಾರೂ ಹೊಸ ಮಾವು ಬಾಯಿಗೆ ಹಾಕುವುದಿಲ್ಲ. ಆ ಮರ್ಯಾದೆಯನ್ನು ಅವರು ಇಟ್ಟುಕೊಂಡಿರುವಾಗ ನಾವು ತಡ ಮಾಡುವುದು ಸಲ್ಲದು. ಆದರೆ ಆ ದಿನ ಆದದ್ದೇ ಬೇರೆ. ಅದನ್ನು ನಿನ್ನ ಅತ್ತೆಗೆ ಸರಿಯಾಗಿ ಓದಿ ಹೇಳು.

ಪೂಜೆ ಮುಗಿದು ಹೊರಡುವಾಗಲೇ ಹನ್ನೊಂದು ದಾಟಿತ್ತು. ಅಮದಳ್ಳಿ ಹತ್ತಿರ ರಸ್ತೆಯ ಒಂದು ಬದಿಯನ್ನು ದುರಸ್ತಿಗೆ ಮುಚ್ಚಿ, ಹೋಗುವ ಬರುವ ಗಾಡಿಗಳನ್ನೆಲ್ಲ ಇನ್ನೊಂದು ಬದಿಗೆ ಬಿಟ್ಟಿದ್ದರು. ನಮ್ಮ ಮುಂದೆ ಅರ್ಗಾದ ರಾಜು ಎಂಬವನ ಟೆಂಪೊ. ಅದನ್ನು ದಾಟಿ ನಾವು ಮುಂದೆ ಹೋದೆವು. ಹಿಂದೆ ದೊಡ್ಡ ಸದ್ದು. ನೋಡಿದರೆ ಟೆಂಪೊ ಗಟಾರದಲ್ಲಿ ಅಡ್ಡ ಬಿದ್ದಿದೆ. ನಾನು ಸಂಕೇತನಿಗೆ ಹೇಳಿ ಕಾರು ನಿಲ್ಲಿಸಿದೆ. ಒಳಗಿದ್ದವಳು ಯಾರು ಗೊತ್ತೇ? ನಮ್ಮ ಗದ್ದೆ ನಾಟಿಗೆ ಬರುತ್ತಿದ್ದ ಕಾಮಿ. ಕಾರವಾರದ ಭಾನುವಾರದ ಸಂತೆಗೆ ಬಸಳೆ, ಹರಿವೆ ಕಟ್ಟಿಕೊಂಡು ಹೊರಟಿದ್ದಳು. ಎಡಗಾಲು ತೊಡೆಯ ಹತ್ತಿರ ಮುರಿದಿತ್ತು. ಅವಳನ್ನು ನಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ, ತಲೆಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ಆಸ್ಪತ್ರೆಗೆ ಒಯ್ದೆವು. ಸೀರೆಯೆಲ್ಲ ರಕ್ತ. ಡಾಕ್ಟರು, ಇನ್ನು ಅರ್ಧ ಗಂಟೆ ತಡವಾಗಿದ್ದರೆ ಕಷ್ಟವಿತ್ತು ಅಂದರು. ಇಲ್ಲಿ ಊರೆಲ್ಲ ಈಗ ಅದೇ ಮಾತು.

ಇಷ್ಟು ಮಾಡಿದ ನಮ್ಮ ಮೇಲೆಯೇ ಆ ರಾಜು ಪೊಲೀಸರ ಮುಂದೆ ದೂರು ಹೇಳಿದ್ದಾನೆ. ಕಾರು ತನ್ನ ಮೂತಿಗೆ ಅಡ್ಡ ಬಂತಂತೆ, ಅದಕ್ಕೆ ಟೆಂಪೊ ತಪ್ಪಿತಂತೆ. ಕಾಮಿ ಬುಟ್ಟಿ ಹಿಡಿದು ಬಗ್ಗಿದ್ದಳು, ಅವಳಿಗೆ ಏನೂ ಕಂಡಿಲ್ಲ. ಕಾರು ಆಗಲೇ ದೂರ ಹೋಗಿತ್ತು ಎಂದು ಸಂಕೇತ ಹೇಳಿದ. ಪೊಲೀಸರು ನಮ್ಮ ಮಾತು ನಂಬಿ ರಾಜುವಿನ ಮೇಲೆ ಕೇಸು ಹಾಕಿ ಲೈಸೆನ್ಸು ಇಟ್ಟುಕೊಂಡಿದ್ದಾರೆ. ಆದರೂ ನನಗೆ ಅಷ್ಟು ಸಾಲದು. ನಮ್ಮ ಮನೆಯವರು ಕೋರ್ಟಿನ ಮೆಟ್ಟಿಲು ಹತ್ತಿದ್ದು ಸಾಕ್ಷಿ ಹೇಳಲಿಕ್ಕೆ, ಹೇಳಿಸಿಕೊಳ್ಳಲಿಕ್ಕಲ್ಲ. ಕ್ಯಾಮೆರಾ ಎಲ್ಲ ನೋಡಿರುತ್ತದಲ್ಲ. ಅಳಿಯ ದತ್ತಾ ಅವರಿಗೆ ಇದೆಲ್ಲ ಬರುತ್ತದೆ. ಈ ಕಾರ್ಡಿನಲ್ಲಿರುವುದನ್ನು ಪೊಲೀಸರಿಗೆ ಕೊಡುವ ಹಾಗೆ ಒಂದು ಪ್ರತಿ ಮಾಡಿಸು.

ಸಂಕೇತ "ಅದ್ರಲ್ಲಿ ಎಂತದೂ ಇರುದಿಲ್ಲ ಆಯಿ, ಬಿಡು" ಎನ್ನುತ್ತಲೇ ಇದ್ದ. ಅವನು ಕೆಲಸಕ್ಕೆ ಹೋದಾಗ ಪೇಟೆಯ ಮೊಬೈಲ್ ಅಂಗಡಿಯವನನ್ನು ಕರೆಸಿ ತೆಗೆಸಿದೆ. ಅರ್ಗಾದ ನೌಕಾನೆಲೆಯ ನೌಕರಿಗೆ ಅವನ ಹೆಸರು ಆಗಿದೆ, ಪೊಲೀಸ್ ವಿಚಾರಣೆಯ ಕಾಗದ ಒಂದು ಬರಬೇಕು. ಅಂಥ ಹೊತ್ತಿನಲ್ಲಿ ಅವನ ಹೆಸರಿಗೆ ಒಂದು ಚುಕ್ಕೆಯೂ ತಾಗಬಾರದು.

ಇತಿ, ನಿನ್ನ ಆಯಿ
ಮಂದಾಕಿನಿ


ಮಾಜಾಳಿ
೨೫-೫-೨೦೨೩

ಮಾತೋಶ್ರೀ ಆಯಿಗೆ ನೀತಾಳ ನಮಸ್ಕಾರ.

ಕಾರ್ಡು ಮುಟ್ಟಿತು. ನೋಡಿದ್ದೇವೆ. ಪೊಲೀಸರಿಗೆ ಕೊಟ್ಟಿಲ್ಲ.

ಫೋನಿನಲ್ಲಿ ಹೇಳಲು ಎರಡು ಸಲ ನೋಡಿದೆ. ಎರಡು ಸಲವೂ ನೀನು ಕಾಮಿಯ ಸುದ್ದಿ, ಊರಿನವರ ಮಾತು ಹೇಳುತ್ತಿದ್ದೆ. ನೀನೇ ಹೇಳಿದ ಹಾಗೆ, ಬರೆದದ್ದನ್ನು ಕೂತು ಓದಬೇಕಾಗುತ್ತದೆ.

ಆಯಿ, ಆ ಕ್ಯಾಮೆರಾ ಮುಂದಿನ ರಸ್ತೆಯನ್ನು ಮಾತ್ರ ನೋಡುತ್ತದೆ. ಹಿಂದೆ ಟೆಂಪೊ ಬಿದ್ದದ್ದು ಅದರಲ್ಲಿ ಇಲ್ಲ. ಆದರೆ ಅದಕ್ಕೆ ಕಿವಿಯೂ ಇದೆ. ಕಾರಿನೊಳಗೆ ಆಡಿದ್ದೆಲ್ಲ ಅದರಲ್ಲಿ ಉಳಿಯುತ್ತದೆ. ಹಾಕಿಸುವಾಗ ನಾನು ಇದನ್ನು ನಿನಗೆ ಹೇಳಿರಲಿಲ್ಲ.

ಕೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. ಒಂದು ಅಕ್ಷರ ಸೇರಿಸಿಲ್ಲ.

ನೀನು: "ಎಂತಕೋ ಇವ್ನ ಬಾಲ ಹಿಡ್ಕಂಡು ಹೋಗ್ತೀ? ಗಂಟೆ ನೋಡು."

ಸಂಕೇತ: "ಇಲ್ಲಿ ಎದುರಿಂದನೂ ಗಾಡಿ ಬರ್ತದೆ ಆಯಿ. ಇನ್ನೊಂದು ಕಿಲೋಮೀಟರ್ ತಡಿ."

ನೀನು: "ಅಲ್ಲಿ ಎಲೆ ಹಾಕಿ ಕೂತಿರ್ತಾರೆ. ನಿನ್ನ ಅಪ್ಪ ಆಗಿದ್ರೆ ಈಗ ಮಾಜಾಳಿ ಮುಟ್ಟಿರ್ತಿದ್ರು. ಗಂಡಸಾಗಿ ಹೆದರ್ತೀಯಲ್ಲೋ. ಹೊಡಿ ಮುಂದೆ."

ಆಮೇಲೆ ಕಾರು ಬಲಕ್ಕೆ ಹೋಗುತ್ತದೆ. ಎದುರಿನಿಂದ ಬಸ್ಸು ಬರುವುದು ಚೆನ್ನಾಗಿ ಕಾಣುತ್ತದೆ. ಬಸ್ಸು ಹಾರ್ನು ಹೊಡೆಯುತ್ತದೆ. ಸಂಕೇತ ಒಮ್ಮೆಲೇ ಎಡಕ್ಕೆ ತಿರುಗಿಸುತ್ತಾನೆ. ಅದೇ ಕ್ಷಣಕ್ಕೆ ಹಿಂದೆ ಬ್ರೇಕಿನ ಸದ್ದು, ಬೀಳುವ ಸದ್ದು. ಸಂಕೇತ ಹೇಳುತ್ತಾನೆ: "ಆಯಿ, ಅದು ಬಿತ್ತು."

ಅದರ ನಂತರ ನಿನ್ನ ಒಂದು ಮಾತಿದೆ. ಅದನ್ನು ಬರೆಯಲು ನನ್ನ ಕೈ ಬರಲಿಲ್ಲ.

ರಾಜು ಪೊಲೀಸರಿಗೆ ಹೇಳಿದ್ದು ಸುಳ್ಳಲ್ಲ ಆಯಿ. ಇವರು ಹೇಳುತ್ತಾರೆ, ಸದ್ದು ತೆಗೆದು ಬರೀ ಚಿತ್ರ ಇಟ್ಟರೆ ಅದರಿಂದ ಯಾರಿಗೂ ಏನೂ ಹೇಳಲು ಬರುವುದಿಲ್ಲ, ಟೆಂಪೊ ಎಷ್ಟು ಹಿಂದೆ ಇತ್ತೆಂಬುದೇ ತಿಳಿಯುವುದಿಲ್ಲ ಅಂತ. ಕಾರ್ಡನ್ನೇ ಮುರಿದು ಹಾಕಿದರೂ ಕೇಳುವವರಿಲ್ಲ. ಸಂಕೇತನ ನೌಕರಿಯ ಪ್ರಶ್ನೆ ನನಗೂ ಗೊತ್ತು. ಅವನು ನನ್ನ ತಮ್ಮ.

ಏನು ಮಾಡಲಿ, ಬರೆದು ತಿಳಿಸು. ನೀನು ಹೇಳದೆ ನಾನು ಏನೂ ಮಾಡುವುದಿಲ್ಲ.

ನಿನ್ನ ಮಗಳು
ನೀತಾ


ಅಂಕೋಲಾ
೨೯-೫-೨೦೨೩

ನೀತಾಳಿಗೆ,

ನಿನ್ನ ಕಾಗದ ಓದಿದೆ. ಅದರಲ್ಲಿ ಬರೆದ ಹಾಗೆ ನಾನು ಮಾತಾಡುವವಳಲ್ಲ. ಯಂತ್ರದಲ್ಲಿ ಸ್ವರ ಬದಲಾಗುತ್ತದೆ ಎಂದು ಕೇಳಿದ್ದೇನೆ. ಅರವತ್ತಾರು ವರ್ಷ ನನ್ನ ನಾಲಗೆ ನನ್ನ ಹಿಡಿತದಲ್ಲಿದೆ. ನಿನ್ನ ಅಪ್ಪ ತೀರಿಕೊಂಡ ಮೇಲೆ ಈ ಮನೆಯನ್ನು, ತೋಟವನ್ನು, ನಿಮ್ಮಿಬ್ಬರನ್ನು ಅದೇ ನಾಲಗೆಯ ಮೇಲೆ ನಡೆಸಿದ್ದೇನೆ. ಈಗ ಹೆಬ್ಬೆರಳಿನಷ್ಟಿಲ್ಲದ ಕಾರ್ಡು ನನಗೆ ನನ್ನ ಮಾತು ಹೇಳಿಕೊಡಬೇಕೇ?

ಸಂಕೇತನನ್ನು ನಾನು ಏನೂ ಕೇಳಿಲ್ಲ. ಅವನೂ ಏನೂ ಹೇಳಿಲ್ಲ. ಕ್ಯಾಮೆರಾದಲ್ಲಿ ಕಾರ್ಡು ಇಲ್ಲದ್ದು ಅವನಿಗೆ ಗೊತ್ತಾಗಿದೆ. ಊಟಕ್ಕೆ ಕೂತರೆ ತಟ್ಟೆ ನೋಡಿಯೇ ಉಂಡು ಏಳುತ್ತಾನೆ.

ನಿನ್ನೆ ಕಾಮಿಯನ್ನು ನೋಡಲು ಅವಳ ಕೊಪ್ಪದ ಕೇರಿಗೆ ಹೋಗಿದ್ದೆ. ಕಾಲಿಗೆ ಸರಳು ಹಾಕಿದ್ದಾರೆ. ನನ್ನನ್ನು ಕಂಡವಳೇ ಎರಡೂ ಕೈ ಮುಗಿದು, "ನೀವ್ ಇಲ್ದಿದ್ರೆ ನಾ ಅಲ್ಲೇ ಮುಗೀತಿದ್ದೆ ಅಮ್ಮಾ" ಅಂದಳು. ನಾಲ್ಕು ಮನೆಯವರು ಸುತ್ತ ನಿಂತು ಕೇಳಿದರು. ಹೀಗಿರುವಾಗ ಊರಿನಲ್ಲಿ ಯಾರ ಮಾತು ನಿಲ್ಲಬೇಕು?

ದತ್ತಾ ಅವರು ಹೇಳಿದಂತೆ ಸದ್ದು ತೆಗೆದು ಇಡಲಿ. ಪೊಲೀಸರಿಗೆ ಕೊಡುವುದು ಈಗ ಬೇಡ. ಈ ವಿಷಯ ಇನ್ನು ಬರೆಯಬೇಡ.

ಮಂದಾಕಿನಿ


ಮಾಜಾಳಿ
೨೨-೬-೨೦೨೩

ಆಯಿಗೆ ನಮಸ್ಕಾರ.

ಬರೆಯಬೇಡ ಎಂದಿದ್ದೆ. ಒಂದು ಸಲ ಬರೆದು ಸುಮ್ಮನಾಗುತ್ತೇನೆ.

ಇವರು ಸದ್ದಿಲ್ಲದ ಇನ್ನೊಂದು ಪ್ರತಿ ಮಾಡಿದ್ದಾರೆ. ಮೊದಲಿನ ಕಾರ್ಡು ಮುಟ್ಟಲು ನಾನು ಬಿಡಲಿಲ್ಲ. ಎರಡೂ ನನ್ನ ಕಪಾಟಿನಲ್ಲಿವೆ.

ಈ ತಿಂಗಳಿನಿಂದ ನಾನು ಕೆಲಸಕ್ಕೆ ಹೋಗುವ ಗೋವಾ ಫ್ಯಾಕ್ಟರಿಗೆ ಪ್ಯಾಕಿಂಗ್ ಕೆಲಸಕ್ಕೆ ಹೊಸಬಳೊಬ್ಬಳು ಬರುತ್ತಿದ್ದಾಳೆ. ಹೆಸರು ಭವ್ಯಾ. ಅರ್ಗಾದಿಂದ ಬೆಳಗಿನ ಮೊದಲ ಬಸ್ಸು ಹಿಡಿದು ಇಲ್ಲಿಗೆ ಬಂದು ನಮ್ಮ ಫ್ಯಾಕ್ಟರಿ ಬಸ್ಸು ಹತ್ತುತ್ತಾಳೆ. ಮೂರನೆಯ ದಿನ ನನ್ನ ಪಕ್ಕದಲ್ಲಿ ಕೂತು, ಗಂಡನ ಲೈಸೆನ್ಸು ಹೋಗಿದೆ, ಅವನಿಗೆ ಯಾರೂ ಬಾಡಿಗೆ ಕೊಡುವುದಿಲ್ಲ, ಅದಕ್ಕೆ ತಾನು ಹೊರಟೆ ಎಂದಳು. ಅವಳ ಗಂಡ ರಾಜು. ಟೆಂಪೊ ರಾಜು.

ನಾನು ಯಾರೆಂದು ಅವಳಿಗೆ ಗೊತ್ತಿಲ್ಲ. ಲೈಸೆನ್ಸು ಹೋದದ್ದಕ್ಕಿಂತ ಅವಳಿಗೆ ಬೇರೊಂದು ನೋವಿದೆ. ಜನ ರಾಜುವಿಗೆ ಉಪಕಾರ ಮಾಡಿದವರ ಮೇಲೆಯೇ ಗೂಬೆ ಕೂರಿಸಿದವ ಎನ್ನುತ್ತಾರಂತೆ. ಬಸ್‌ಸ್ಟಾಪಿನಲ್ಲಿ ಅವನು ಬಂದರೆ ಮಾತು ನಿಲ್ಲಿಸುತ್ತಾರಂತೆ. "ಅಕ್ಕಾ, ನಮ್ಮನೆಯವ್ರು ಗಾಡಿ ಜೋರು ಹೊಡಿತಾರೆ ಅಂದ್ರೆ ನಾ ಒಪ್ತೆ. ಸುಳ್ಳು ಹೇಳ್ತಾರೆ ಅಂದ್ರೆ ಒಪ್ಪುದಿಲ್ಲ" ಎಂದಳು. ಆಮೇಲೆ, ಆ ಅಂಕೋಲೆಯ ಅಮ್ಮ ದೊಡ್ಡ ಮನೆಯವರು, ಒಂದು ದಿನ ಅವರಿಗೇ ನೆನಪಾಗಬಹುದು ಅಂದಳು.

ನಾನು ಕಿಟಕಿಯ ಕಡೆ ತಿರುಗಿ ಕೂತೆ. ದಿನವೂ ಹಾಗೆಯೇ ಕೂರುತ್ತೇನೆ.

ನೀತಾ


ಅಂಕೋಲಾ
೨-೮-೨೦೨೩

ಚಿ. ಸೌ. ನೀತಾಳಿಗೆ ಆಶೀರ್ವಾದ.

ನಲವತ್ತು ದಿನ ನಾನು ನಿನಗೆ ಉತ್ತರ ಬರೆಯಲಿಲ್ಲ. ನೀನೂ ಫೋನಿನಲ್ಲಿ ಮಳೆ, ಮೀನು, ಮಗುವಿನ ಕೆಮ್ಮು ಬಿಟ್ಟು ಬೇರೇನೂ ಆಡಲಿಲ್ಲ. ಅಷ್ಟರಮಟ್ಟಿಗೆ ನೀನು ನನ್ನ ಮಗಳು.

ಹೋದ ವಾರ ಇಲ್ಲಿನ ಸ್ತ್ರೀಶಕ್ತಿ ಸಂಘದ ದೀಪಾಲಿ ಮತ್ತು ಇನ್ನಿಬ್ಬರು ಬಂದಿದ್ದರು. ಆಗಸ್ಟ್ ಹದಿನೈದಕ್ಕೆ ಶಾಲೆಯ ಧ್ವಜವಂದನೆಯ ಹೊತ್ತಿಗೆ ನನಗೆ ಶಾಲು ಹೊದಿಸುತ್ತಾರಂತೆ. ರಸ್ತೆಯಲ್ಲಿ ಬಿದ್ದವಳನ್ನು ಬಿಟ್ಟು ಹೋಗದೆ ಕಾರು ನಿಲ್ಲಿಸಿದ್ದಕ್ಕೆ. ಮಕ್ಕಳಿಗೆ ನಾಲ್ಕು ಮಾತು ಹೇಳಬೇಕಂತೆ. ದೀಪಾಲಿ ಕಾಗದದಲ್ಲಿ ಬರೆದುಕೊಂಡು ಬಂದದ್ದನ್ನು ಓದಿ ತೋರಿಸಿದಳು. "ಅಪಘಾತವಾದ ಕೂಡಲೇ ಮಗನಿಗೆ ವಾಹನ ನಿಲ್ಲಿಸಲು ಆಜ್ಞಾಪಿಸಿದ ಧೀರ ಮಹಿಳೆ."

ಸಂಕೇತ ಅಲ್ಲಿಯೇ ಬಾಗಿಲ ಹತ್ತಿರ ನಿಂತಿದ್ದ. ನಾನು ಅವನ ಮುಖ ನೋಡಿದೆ. ಅವನು ಒಳಗೆ ಹೋಗಿ ಅವರಿಗೆ ಚಹಾ ತಂದು ಕೊಟ್ಟ.

ನೀನು ಬರೆಯದೆ ಬಿಟ್ಟ ಆ ಒಂದು ಮಾತು ಏನೆಂದು ನನಗೆ ಗೊತ್ತು. ನಿನ್ನ ಕಾಗದ ಬಂದ ದಿನವೇ ಗೊತ್ತಿತ್ತು. ಗೊತ್ತಿಲ್ಲದ್ದಕ್ಕೆ ಸಿಟ್ಟು ಬರುವುದಿಲ್ಲ.

ಸದ್ದಿರುವ ಕಾರ್ಡನ್ನು ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸು. ನೀನು ಬರಬೇಡ. ಅದನ್ನು ನಿನ್ನ ಎದುರು ಕೂತು ಕೇಳಲು ನನ್ನಿಂದ ಆಗದು. ಸದ್ದಿಲ್ಲದ ಪ್ರತಿಯನ್ನು ನೀನೇ ಮುರಿದು ಹಾಕು. ನಿನ್ನ ಗಂಡನಿಗೆ ಹೇಳು, ನನಗೆ ಒಳ್ಳೆಯದಾಗಲಿ ಎಂದೇ ಅವರು ಮಾಡಿದರು, ಅದರಲ್ಲಿ ತಪ್ಪು ನನ್ನದು.

ಇತಿ, ನಿನ್ನ ಆಯಿ
ಮಂದಾಕಿನಿ


ಅಂಕೋಲಾ
೧೭-೮-೨೦೨೩

ಚಿ. ಸೌ. ನೀತಾಳಿಗೆ ಆಯಿಯ ಆಶೀರ್ವಾದ.

ಕಾರ್ಡು ಒಂಬತ್ತನೆಯ ತಾರೀಕು ಮುಟ್ಟಿತು. ಎರಡು ದಿನ ದೇವರ ಪೆಟ್ಟಿಗೆಯ ಪಕ್ಕದಲ್ಲಿಟ್ಟೆ. ಮೂರನೆಯ ದಿನ ಊಟವಾದ ಮೇಲೆ ಸಂಕೇತನನ್ನು ಕರೆದು, ಇದನ್ನು ನಿನ್ನ ಕಂಪ್ಯೂಟರಿನಲ್ಲಿ ಹಾಕು ಎಂದೆ. ಅವನು "ಬೇಡ ಆಯಿ" ಎಂದ. ಹಾಕು ಎಂದೆ. ಹಾಕಿದ.

ನೀನು ಬರೆದದ್ದರಲ್ಲಿ ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಸ್ವರವೂ ನನ್ನದೇ. ಯಂತ್ರ ಏನನ್ನೂ ಬದಲಿಸಿಲ್ಲ. ಗಂಡಸಾಗಿ ಹೆದರ್ತೀಯಲ್ಲೋ ಎಂದು ನಾನು ಹೇಳುವಾಗ ಆ ಸ್ವರದಲ್ಲಿ ಎಷ್ಟು ಖಾತ್ರಿ ಇದೆ ಎಂದರೆ, ಕೇಳಿದ ಯಾರಾದರೂ ಕಾರು ಮುಂದೆ ಹೊಡೆಯುತ್ತಿದ್ದರು. ಕೊನೆಗೆ ಆ ಮಾತು. ಸಂಕೇತ "ಆಯಿ, ಅದು ಬಿತ್ತು" ಎಂದ. ನಾನು "ನಿಲ್ಲಿಸ್ಬೇಡ. ಹಿಂದಿನವ್ರು ನೋಡ್ಕಂತಾರೆ. ಹೊತ್ತಾತು, ನಡಿ" ಎಂದೆ.

ನೀನು ಇದನ್ನು ಬರೆಯದೆ ಬಿಟ್ಟೆ. ಈಗ ನಾನೇ ಬರೆದಿದ್ದೇನೆ.

ಅವನು ನನ್ನ ಮಾತು ಕೇಳಲಿಲ್ಲ. ಹುಟ್ಟಿ ಇಪ್ಪತ್ತೊಂಬತ್ತು ವರ್ಷದಲ್ಲಿ ಮೊದಲ ಸಲ. ಕಾರು ನಿಲ್ಲುವುದು, ಅವನ ಬದಿಯ ಬಾಗಿಲು ತೆಗೆಯುವುದು, ಅವನು ಓಡುವ ಹೆಜ್ಜೆ ಕೇಳುತ್ತದೆ. ಆಮೇಲೆ ಬಹಳ ಹೊತ್ತು ಕಾರಿನೊಳಗೆ ನನ್ನ ಉಸಿರು ಮಾತ್ರ. ಕಡೆಗೆ ನನ್ನ ಬದಿಯ ಬಾಗಿಲಿನ ಸದ್ದು. ನಾನು ಇಳಿದದ್ದು ಅಷ್ಟು ತಡವಾಗಿ ಎಂದು ನನಗೆ ನೆನಪೇ ಇರಲಿಲ್ಲ. ಕಾಮಿಯ ತಲೆ ತೊಡೆಯ ಮೇಲಿದ್ದದ್ದು ಮಾತ್ರ ನೆನಪಿತ್ತು. ಮನುಷ್ಯರು ತಮಗೆ ಬೇಕಾದದ್ದನ್ನು ಹೆಕ್ಕಿ ಇಟ್ಟುಕೊಳ್ಳುತ್ತಾರೆ ಎಂದು ಬೇರೆಯವರ ಬಗ್ಗೆ ಎಷ್ಟು ಸಲ ಹೇಳಿದ್ದೇನೆ.

ಪೊಲೀಸರಿಗೆ ಸುಳ್ಳು ಯಾಕೆ ಹೇಳಿದೆ ಎಂದು ಕೇಳಿದೆ. ನೀನು ಎದುರಿಗೇ ಕೂತಿದ್ದೆ ಆಯಿ, ಅಂದ. ಠಾಣೆಗೆ ಹೋಗಿ, ನಾನು ಒತ್ತಾಯ ಮಾಡಿದ್ದರಿಂದ ಹೀಗಾಯಿತು ಎಂದು ಹೇಳುತ್ತೇನೆ, ತಪ್ಪು ನನ್ನ ಮೇಲಿರಲಿ ಎಂದೆ. ಅದಕ್ಕೆ ಅವನು, "ಮಾತು ನಿಂದು ಆಯಿ. ಎಕ್ಸಲರೇಟರ್ ಮೇಲಿನ ಕಾಲು ನಂದೇ ಇತ್ತಲ್ಲ" ಎಂದ. ನೌಕರಿ ಹೋಗಬಹುದು ಎಂದೆ. ಹೋಗಲಿ, ತೋಟಕ್ಕೆ ಯಾರೂ ವಿಚಾರಣೆಯ ಕಾಗದ ಕೇಳುವುದಿಲ್ಲ ಎಂದ. ನಿನ್ನ ಅಪ್ಪ ಬದುಕಿದ್ದರೆ ಆ ಕ್ಷಣ ಅವನ ಪಕ್ಕದಲ್ಲಿ ಕೂತು ಎಲೆಯಡಿಕೆ ಹಾಕುತ್ತಿದ್ದರು. ನಾನು ಎದ್ದು ಹೋಗಿ ಅವನ ತಟ್ಟೆ ತೊಳೆದೆ. ಅದನ್ನು ನಾನು ಎಂದೂ ಮಾಡಿದವಳಲ್ಲ.

ಸೋಮವಾರ ಇಬ್ಬರೂ ಹೋದೆವು. ಮೊದಲು ದೀಪಾಲಿಯ ಮನೆಗೆ ಹೋಗಿ, ಶಾಲು ಬೇಡ, ಯಾಕೆಂದು ಎರಡು ದಿನದಲ್ಲಿ ಊರಿಗೇ ತಿಳಿಯುತ್ತದೆ ಎಂದು ಹೇಳಿದೆ. ಠಾಣೆಯ ಪಿ.ಎಸ್.ಐ. ಹೆಣ್ಣುಮಗಳು, ನಿನ್ನ ವಯಸ್ಸಿನವಳು. ಮರ್ಯಾದೆಯಿಂದ ಕುರ್ಚಿ ಹಾಕಿಸಿದಳು. ರಾಜುವನ್ನು ಕರೆಸಿ, ಅವನು ಬಂದ ಮೇಲೆಯೇ ಹಾಕಿ ಎಂದು ನಾನು ಕೇಳಿಕೊಂಡೆ. ಅವನು ಭವ್ಯಾಳನ್ನೂ ಕರೆದುಕೊಂಡು ಬಂದ. ನಮ್ಮನ್ನು ಕಂಡು ಬಾಗಿಲಲ್ಲೇ ನಿಂತ.

ಕಾರ್ಡು ಹಾಕಿದರು. ಮೂರ್ನಾಲ್ಕು ಮಂದಿ ಸಿಬ್ಬಂದಿ, ಬೇರೆ ಕೆಲಸಕ್ಕೆ ಬಂದ ಇಬ್ಬರು, ಎಲ್ಲ ಅಲ್ಲಿಯೇ ಇದ್ದರು. ನನ್ನ ಮಾತು ಶುರುವಾದ ಕೂಡಲೇ ಆ ಪಿ.ಎಸ್.ಐ. ನನ್ನ ಮುಖ ನೋಡಿ, "ಅಮ್ಮಾ, ಸೌಂಡ್ ಸಣ್ಣ ಮಾಡ್ತೆ" ಎಂದಳು.

ನಾನು ಹೇಳಿದೆ, "ಸಣ್ಣ ಮಾಡುದು ಬೇಡ. ಬಾಗಿಲಲ್ಲಿ ನಿಂತವ್ರಿಗೂ ಕೇಳ್ಬೇಕು."

ಕೇಳಿತು. ಎಲ್ಲ ಮುಗಿದ ಮೇಲೆ ನಾನು ಎದ್ದು ರಾಜುವಿನ ಮುಂದೆ ಹೋಗಿ ನಿಂತು, ನೀನು ಹೇಳಿದ್ದು ನಿಜವಿತ್ತು, ಸುಳ್ಳು ನಮ್ಮದಿತ್ತು ಎಂದೆ. ಅವನು ಕಾಲಿಗೆ ಬೀಳಲಿಲ್ಲ, ಪರವಾಗಿಲ್ಲ ಎನ್ನಲಿಲ್ಲ. "ಮೂರು ತಿಂಗ್ಳಾತು ಅಮ್ಮಾ" ಎಂದ. ಅಷ್ಟೇ. ಅವನು ಕ್ಷಮಿಸಿದೆ ಎಂದಿದ್ದರೆ ನನಗೆ ಹಗುರವಾಗುತ್ತಿತ್ತು, ಆದರೆ ನನ್ನನ್ನು ಹಗುರ ಮಾಡುವುದು ಅವನ ಕೆಲಸವಲ್ಲ. ಅವನ ಲೈಸೆನ್ಸು, ಕೇಸು, ಎರಡಕ್ಕೂ ಮೇಲಿನವರಿಗೆ ಬರೆಯುತ್ತೇವೆ ಎಂದಿದ್ದಾರೆ. ಇನ್ನು ಕೇಸು ಸಂಕೇತನ ಮೇಲೆ. ವಕೀಲರನ್ನು ಕಾಣಬೇಕು. ಕಾಮಿಗೆ ನಿನ್ನೆ ನಾನೇ ಹೋಗಿ ಹೇಳಿದೆ. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ನಾಳೆ ಮತ್ತೆ ಹೋಗುತ್ತೇನೆ, ಮಾತಾಡಿಸುವ ತನಕ ಹೋಗುತ್ತೇನೆ.

ಭವ್ಯಾಳಿಗೆ ನೀನು ಯಾರ ಮಗಳೆಂದು ನಾನು ಹೇಳಿಲ್ಲ. ಅದು ನಿನ್ನ ಕೆಲಸ. ಬಸ್ಸಿನಲ್ಲಿ ಇನ್ನು ಕಿಟಕಿಯ ಕಡೆ ತಿರುಗಿ ಕೂರಬೇಡ.

ಒಂದು ಸಂಗತಿ ಬರೆದು ಮುಗಿಸುತ್ತೇನೆ. ನಮ್ಮ ಹೇಳಿಕೆಯನ್ನು ಬರೆದುಕೊಂಡ ಹವಾಲ್ದಾರ ನಾಗೇಶ ಎಂಬವನು ಓದಿ ಹೇಳಿದ. ಊರಿನ ಸುದ್ದಿ ಅವನ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತೋ ಏನೋ, ಕಡೆಯ ಸಾಲಿನಲ್ಲಿ "ತಾಯಿಯ ಸೂಚನೆಯಂತೆ ಮಗನು ವಾಹನ ನಿಲ್ಲಿಸಿ" ಎಂದೇ ಬರೆದಿದ್ದ. ಆ ಸಾಲು ಹೊಡೆದು ಹಾಕಿಸಿದೆ. ಅವನಿಗೆ ಒಂದೊಂದೇ ಶಬ್ದ ಹೇಳಿ ಬರೆಸಿದೆ: ನಿಲ್ಲಿಸಬೇಡ ಎಂದವಳು ತಾಯಿ, ನಿಲ್ಲಿಸಿದವನು ಮಗ. ಮತ್ತೊಮ್ಮೆ ಓದಿಸಿದೆ. ಅವನು ಹೆಬ್ಬೆಟ್ಟಿಗೆಂದು ಮಸಿಯ ಡಬ್ಬಿಯನ್ನು ನನ್ನ ಕಡೆ ಸರಿಸಿದ. ನಾನು ಅದನ್ನು ಹಿಂದಕ್ಕೆ ಸರಿಸಿ ಪೆನ್ನು ಕೇಳಿದೆ. ಆ ಸಾಲಿನ ಕೆಳಗೆ ನನ್ನ ಪೂರ್ತಿ ಹೆಸರನ್ನು, ದೂರದಿಂದ ಓದಿದರೂ ತಿಳಿಯುವ ಹಾಗೆ, ದುಂಡಗೆ ಬರೆದೆ.

ಇತಿ, ಸಂಕೇತನ ಮತ್ತು ನಿನ್ನ ಆಯಿ
ಮಂದಾಕಿನಿ